ಆ ಹುಡುಗನ ಅವ್ವ ಎಲ್ಲದಾಳ?

ಹೋದ ಮಳೆಗಾಲದ ಒಂದು ಭಾನುವಾರ. ಬೆಳಗಿನಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ, ಹಳಿ ದುರಸ್ತಿಗೆಂದು ಲೋಕಲ್ ಗಾಡಿ ನಿಲ್ಲಿಸುವ ಮೆಗಾಬ್ಲಾಕ್ ಬೇರೆ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅವ್ವ ಸಿಂಧನೂರಿನ ಕಡೆಯಿಂದ ಬಂದು ತಿಂಗಳಾಗಿತ್ತು, ಧಾರಾವಾಹಿಗಳು ಸಾಕಾಗಿದ್ದವು. 'ಬ್ಯಾರೆ ಏನರ ಹಚ್ಚಬೇ' ಅಂದಳು. ಬಹಳ ದಿನದಿಂದ ನೋಡಬೇಕು ಅಂದುಕೊಂಡಿದ್ದ 'ಬಿಯಾಂಡ್ ಬಾರ್ಡರ್ಸ್' ಹಚ್ಚಿದೆ. 2003ರ ಇಂಗ್ಲಿಷ್ ಸಿನೆಮಾ, ನಿರಾಶ್ರಿತರ ಶಿಬಿರಗಳಲ್ಲಿ ದುಡಿಯುವವರ ಕಥೆ, ಏಂಜೆಲಿನಾ ಜೋಲಿ ನಾಯಕಿ. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಮೆಂತೆಪಲ್ಯ ಸೋಸುತ್ತ ಕೂತಿದ್ದಳು, ನಡುನಡುವೆ ನಾನು ಬಿಡಿಸಿ ಹೇಳುತ್ತಿದ್ದೆ.

ಸುರುವಿನಲ್ಲೇ ಒಂದು ದೃಶ್ಯ. 1984, ಲಂಡನ್. ದೊಡ್ಡ ಮಂದಿ ಸೇರಿ ಬಡಬಗ್ಗರಿಗಾಗಿ ಹಣ ಎತ್ತುವ ಔತಣ. ಅಲ್ಲಿಗೆ ಒಬ್ಬ ಡಾಕ್ಟರ್ ಕರೆಯದೆ ನುಗ್ಗುತ್ತಾನೆ. ಇಥಿಯೋಪಿಯಾದಿಂದ ಕರೆತಂದ, ಎಲುಬು ಎಣಿಸುವಂಥ ಒಬ್ಬ ಹುಡುಗನನ್ನು ಎಲ್ಲರ ಮುಂದೆ ನಿಲ್ಲಿಸಿ, ಇವನಂಥವರು ಅಲ್ಲಿ ಸಾಯುತ್ತಿದ್ದಾರೆ, ನೀವಿಲ್ಲಿ ಉಣ್ಣುತ್ತಿದ್ದೀರಿ ಎಂದು ಕೂಗಾಡುತ್ತಾನೆ. ಜೋಲಿಯ ಕಣ್ಣಲ್ಲಿ ನೀರು. ನನಗೂ ಗಂಟಲು ಕಟ್ಟಿತ್ತು. ಅಷ್ಟರಲ್ಲಿ ಅವ್ವ ಸೋಸುವುದನ್ನು ನಿಲ್ಲಿಸಿ ಕೇಳಿದಳು: 'ಆ ಹುಡುಗನ ಅವ್ವ ಎಲ್ಲದಾಳ?'

'ತೋರಿಸಿಲ್ಲವ್ವಾ' ಅಂದೆ.

'ಸತ್ತಾಳೇನು?'

'ಗೊತ್ತಿಲ್ಲ.'

'ಗೊತ್ತಿಲ್ಲಂದ್ರ? ಅಷ್ಟು ದೂರದಿಂದ ವಿಮಾನದಾಗ ಕುಂದ್ರಿಸಿ ಕರಕೊಂಡು ಬಂದಾರ, ಅವರವ್ವನ್ನ ಕೇಳಿದ್ದಿಲ್ಲೇನು?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವ್ವ ಮತ್ತೆ ಮೆಂತೆಪಲ್ಯದ ಕಡೆ ತಿರುಗಿದಳು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮರುದಿನ ಕೆಲಸಕ್ಕೆ ಹೋಗುವಾಗ ಗಾಡಿಯಲ್ಲಿ ನೆನಪಾಯಿತು, ಆ ವಾರವೆಲ್ಲ ನೆನಪಾಯಿತು. ಅವ್ವ ಬಾಯಿಗೆ ಬಂದದ್ದನ್ನು ಕೇಳುವವಳಲ್ಲ. ಅವಳು ಅಂಥ ಶಿಬಿರದ ಸಾಲಿನಲ್ಲಿ ನಿಂತು ಬಂದವಳು.

ಲಾರಿಯ ಮೇಲಿಂದ ಕಾಣುವುದು

ಈ ಸಿನೆಮಾವನ್ನು ಹಳಿಯಬೇಕೆಂದು ಬರೆಯುತ್ತಿಲ್ಲ. ಅದು ಗಲ್ಲಾಪೆಟ್ಟಿಗೆಯಲ್ಲಿ ಸೋತಿತು, ವಿಮರ್ಶಕರೂ ಬೈದರು. ಆದರೂ ಅದರಲ್ಲಿ ನಿಜ ಇದೆ. ಔಷಧಿಗೆ ದುಡ್ಡಿಲ್ಲದೆ ಹಲ್ಲು ಕಚ್ಚುವ ಆ ಡಾಕ್ಟರನ ಸಿಟ್ಟು ನಿಜ. ಕಾಂಬೋಡಿಯಾದ ಭಾಗದಲ್ಲಿ ಔಷಧಿಯ ಪೆಟ್ಟಿಗೆಗಳ ನಡುವೆ ಬಂದೂಕುಗಳು ಸಿಗುತ್ತವೆ. ಜೀವ ಉಳಿಸಲು ಬೇಕಾದ ಹಣಕ್ಕಾಗಿ ಜೀವ ತೆಗೆಯುವವರ ಜೊತೆ ವ್ಯವಹಾರಕ್ಕಿಳಿದ ಒಬ್ಬ ಮನುಷ್ಯನನ್ನು ಸಿನೆಮಾ ತೋರಿಸುತ್ತದೆ. ಇಂಥ ಇಕ್ಕಟ್ಟು ಕಟ್ಟುಕಥೆಯಲ್ಲ. ಇಥಿಯೋಪಿಯಾದಲ್ಲೇ ಆಗ ನಡೆದದ್ದು ನೋಡಿ: ಊಟ ಹಂಚುವ ಕೇಂದ್ರಗಳಿಗೆ ಬಂದ ಜನರನ್ನು ಅಲ್ಲಿನ ಸರಕಾರ ಹಿಡಿದು ಬಲವಂತವಾಗಿ ದೂರದ ಪ್ರಾಂತ್ಯಗಳಿಗೆ ಸಾಗಿಸುತ್ತಿತ್ತು. ಅದನ್ನು ಬಹಿರಂಗವಾಗಿ ಖಂಡಿಸಿದ್ದಕ್ಕೆ 'ಗಡಿಗಳಿಲ್ಲದ ವೈದ್ಯರು' ಸಂಸ್ಥೆಯ, ಅಂದರೆ ಎಂಎಸ್ಎಫ್‌ನ ಫ್ರೆಂಚ್ ವೈದ್ಯರನ್ನು 1985ರ ಕೊನೆಗೆ ದೇಶದಿಂದ ಹೊರಹಾಕಿದರು. ಒಂಬತ್ತು ವರ್ಷದ ನಂತರ ರುವಾಂಡಾದ ಗಡಿಯಾಚೆ ಗೋಮಾದ ಶಿಬಿರಗಳಲ್ಲಿ, ರುವಾಂಡಾದಲ್ಲಿ ನರಮೇಧ ಮಾಡಿ ಓಡಿಬಂದವರೇ ಊಟ ಹಂಚುವ ಅಧಿಕಾರ ಹಿಡಿದು ಕೂತಾಗ, ಅದೇ ಎಂಎಸ್ಎಫ್‌ನ ಫ್ರೆಂಚ್ ತಂಡ ತಾನಾಗಿಯೇ ಅಲ್ಲಿಂದ ಹೊರಬಂತು. ಇದ್ದರೆ ಕೊಲೆಗಡುಕರಿಗೆ ಅನ್ನ ಹಾಕಿದಂತೆ, ಹೋದರೆ ಮಕ್ಕಳನ್ನು ಬಿಟ್ಟಂತೆ. ಇಂಥ ಕಡೆ ನಿಂತು ತೀರ್ಮಾನ ತಗೊಂಡವರ ಬಗ್ಗೆ ಹಗುರವಾಗಿ ಮಾತಾಡುವ ಯೋಗ್ಯತೆ ನನಗಿಲ್ಲ.

ಸಿನೆಮಾ ತೆರೆಗೆ ಬಂದದ್ದು 2003ರ ಅಕ್ಟೋಬರಿನಲ್ಲಿ. ಅದಕ್ಕೆ ಎರಡು ತಿಂಗಳ ಮುಂಚೆ, ಆಗಸ್ಟ್ 19ಕ್ಕೆ, ಬಾಗ್ದಾದಿನ ಕೆನಾಲ್ ಹೋಟೆಲಿನಲ್ಲಿದ್ದ ವಿಶ್ವಸಂಸ್ಥೆಯ ಕಚೇರಿಯ ಮೇಲೆ ಟ್ರಕ್ ಬಾಂಬ್ ದಾಳಿ ನಡೆದು 22 ಜನ ಸತ್ತಿದ್ದರು. ನಿರಾಶ್ರಿತರ ಕೆಲಸದಲ್ಲೇ ಜೀವಮಾನ ಕಳೆದ ಸೆರ್ಜಿಯೊ ವಿಯೆರಾ ಡಿ ಮೆಲ್ಲೊ ಅವರಲ್ಲಿ ಒಬ್ಬರು. ಆ ತಾರೀಖನ್ನೇ ಈಗ ವಿಶ್ವ ಮಾನವೀಯ ದಿನ ಅಂತ ಆಚರಿಸುತ್ತಾರೆ. ಸಿನೆಮಾದ ಕೊನೆಗೆ ಜೋಲಿಯ ಪಾತ್ರ ಚೆಚೆನ್ಯಾದ ಹಿಮದಲ್ಲಿ ನೆಲಬಾಂಬಿನ ಮೇಲೆ ಕಾಲಿಟ್ಟು ಸಾಯುತ್ತದೆ. ಅತಿಯಾಯಿತು ಅಂತ ಕೆಲವರಿಗೆ ಅನಿಸಬಹುದು. ನನಗೆ ಹಾಗನಿಸಲಿಲ್ಲ. ಜೋಲಿ ಕೂಡ ಬರೀ ಬಣ್ಣ ಹಚ್ಚಿ ಹೋದವರಲ್ಲ. ಸಿನೆಮಾ ಬರುವ ಮೊದಲೇ, 2001ರಲ್ಲೇ, ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ರಾಯಭಾರಿಯಾಗಿ ಶಿಬಿರಗಳಿಗೆ ಓಡಾಡತೊಡಗಿದ್ದರು, ಮುಂದೆ 20 ವರ್ಷ ಓಡಾಡಿದರು.

ನನ್ನ ತಕರಾರು ಕ್ಯಾಮೆರಾ ಎಲ್ಲಿ ನಿಂತಿದೆ ಅನ್ನುವುದರ ಬಗ್ಗೆ. ಅದು ಯಾವಾಗಲೂ ನೆರವು ಹಂಚುವ ಲಾರಿಯ ಮೇಲೆ ನಿಂತಿದೆ. ಲಾರಿಯ ಮೇಲಿಂದ ನೋಡಿದರೆ ಸಾಲು ಅಂದರೆ ಮುಖಗಳು, ಮೇಲಕ್ಕೆ ಚಾಚಿದ ಕೈಗಳು, ನೂರಾರು ಕಣ್ಣು. ಸಾಲಿನೊಳಗೆ ನಿಂತವರಿಗೆ ಮುಖ ಕಾಣುವುದಿಲ್ಲ. ಮುಂದಿನವಳ ಬೆನ್ನು ಕಾಣುತ್ತದೆ. ನನ್ನ ಮುಂದೆ ಒಂದು ಸಂಜೆ ಮುಕ್ಕಾಲು ತಾಸು ನಿಂತ ಹೆಂಗಸಿನ ಕುಬಸಕ್ಕೆ ಹುಕ್ಕಿನ ಜಾಗದಲ್ಲಿ ಎರಡು ಪಿನ್ನು ಹಚ್ಚಿದ್ದವು, ಒಂದು ಜಂಗು ಹಿಡಿದಿತ್ತು. ಅವಳ ಮುಖ ನನಗೆ ನೆನಪಿಲ್ಲ. ಆ ಪಿನ್ನು ಇವತ್ತಿಗೂ ಕಣ್ಣ ಮುಂದಿದೆ.

ಕ್ಯಾಂಪ್ ನಂಬರ್ ನಾಲ್ಕು

ಆ ಸಂಜೆಯ ಮಾತಿಗೆ ಬರುವ ಮೊದಲು 'ಕ್ಯಾಂಪ್' ಅನ್ನುವ ಪದದ ಬಗ್ಗೆ ಒಂದಿಷ್ಟು ಹೇಳಬೇಕು. ನನ್ನ ಬದುಕಿನ ಎರಡೂ ತುದಿಗೆ ಅದು ಅಂಟಿಕೊಂಡಿದೆ.

ನಮ್ಮ ಸಿಂಧನೂರು ತಾಲೂಕಿನಲ್ಲಿ ಕ್ಯಾಂಪ್ ಅಂದರೆ ಊರು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು, ಭೂಮಿ ಹಿಡಿದು, ಭತ್ತ ಹಚ್ಚಿದ ರೈತರ ಊರುಗಳೆಲ್ಲ ಕ್ಯಾಂಪುಗಳೇ. ಅವುಗಳ ನಡುವೆ ನಂಬರ್ ಇರುವ ಆರ್‌ಎಚ್ ಕ್ಯಾಂಪುಗಳು ಬೇರೆ. ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ, ಎಲ್ಲ ಬಿಟ್ಟು ಬಂದ ಬಂಗಾಳಿ ಕುಟುಂಬಗಳನ್ನು ಸರಕಾರ ತಂದು ನೆಲೆ ನಿಲ್ಲಿಸಿದ ಜಾಗಗಳು ಅವು. ಆರ್‌ಎಚ್ ಅಂದರೆ ಪುನರ್ವಸತಿ ಅಂತ ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಅಲ್ಲಿಯವರೆಗೆ ಅದೂ ಒಂದು ಊರಿನ ಹೆಸರು ಅಂದುಕೊಂಡಿದ್ದೆ. ಅಲ್ಲಿಂದ ನನ್ನ ಜೊತೆ ಹೈಸ್ಕೂಲಿಗೆ ಒಬ್ಬ ಹುಡುಗಿ ಬರುತ್ತಿದ್ದಳು. ಮನೆಯಲ್ಲಿ ಬಂಗಾಳಿ, ನಮ್ಮ ಜೊತೆ ನಮ್ಮಂಥದೇ ಕನ್ನಡ. 'ನಮ್ಮ ಕ್ಯಾಂಪಿಗೆ ಬರ್ರೆ' ಅನ್ನುತ್ತಿದ್ದಳು, ನಾವು 'ನಮ್ಮೂರಿಗೆ ಬಾ' ಅನ್ನುವ ಹಾಗೇ. ಅವರ ಮನೆಗೆ ಒಮ್ಮೆ ಹೋಗಿದ್ದೆ. ಅಂಗಳದಲ್ಲಿ ಒಂದು ಸಣ್ಣ ಹೊಂಡ ತೋಡಿ ಮೀನು ಬಿಟ್ಟಿದ್ದರು. ಎರೆಮಣ್ಣಿನ ಬಿಸಿಲುನಾಡಿನಲ್ಲಿ ಆ ಅಂಗೈಯಗಲ ನೀರನ್ನು ಅವಳ ಅಜ್ಜಿ ದಿನಾ ಬೆಳಿಗ್ಗೆ ಕೂತು ನೋಡುತ್ತಿದ್ದಳಂತೆ.

ಈ ತುದಿಗೆ ಉಲ್ಲಾಸನಗರ. ನಾನು ಲೆಕ್ಕ ಬರೆಯುವುದು ಅಲ್ಲಿನ ಒಂದು ಜೀನ್ಸ್ ಕಾರಖಾನೆಯಲ್ಲಿ. ರಿಕ್ಷಾದವನಿಗೆ ಇವತ್ತಿಗೂ 'ಚಾರ್ ನಂಬರ್', 'ಪಾಂಚ್ ನಂಬರ್' ಅಂತಲೇ ಹೇಳಬೇಕು. ಎರಡನೇ ಮಹಾಯುದ್ಧದ ಹೊತ್ತಿಗೆ ಸೈನಿಕರಿಗಾಗಿ ಕಟ್ಟಿದ ಬ್ಯಾರಕ್‌ಗಳಲ್ಲಿ, ದೇಶ ಒಡೆದ ಮೇಲೆ ಸಿಂಧದಿಂದ ಬಂದ ಲಕ್ಷದ ಹತ್ತಿರದ ಜನರನ್ನು ಇರಿಸಿದರು. ಐದು ಕ್ಯಾಂಪು. 1949ರ ಆಗಸ್ಟಿನಲ್ಲಿ ರಾಜಾಜಿ ಬಂದು ಇದಕ್ಕೆ ಊರಿನ ಹೆಸರಿಟ್ಟರು. 75 ವರ್ಷ ದಾಟಿದರೂ ನಂಬರ್ ಹೋಗಿಲ್ಲ.

ನಮ್ಮ ಶೇಠರ ತಂದೆ, ಎಲ್ಲರಿಗೂ ದಾದಾ, ಮಧ್ಯಾಹ್ನ ಒಂದು ತಾಸು ಕಾರಖಾನೆಗೆ ಬಂದು ಕೂರುತ್ತಾರೆ. ಕರಾಚಿಯಿಂದ ಹಡಗಿನಲ್ಲಿ ಬಂದಾಗ ಅವರಿಗೆ ಏಳು ವರ್ಷ. ಬ್ಯಾರಕ್ಕಿನ ಉದ್ದನೆಯ ಹಾಲಿನಲ್ಲಿ ಒಂದು ಸಂಸಾರಕ್ಕೂ ಇನ್ನೊಂದಕ್ಕೂ ನಡುವೆ ಗೋಣಿತಟ್ಟಿನ ಪರದೆ. ಆಚೆಯವರು ಕೆಮ್ಮಿದರೆ ಈಚೆ ಪರದೆ ಅಲುಗಾಡುತ್ತಿತ್ತಂತೆ. ಹಿಂದಿಯಲ್ಲಿ ನಿರಾಶ್ರಿತ ಅನ್ನುವ ಅರ್ಥದ 'ಶರಣಾರ್ಥಿ' ಪದ ಕೇಳಿದರೆ ಅವರಿಗೆ ಈಗಲೂ ಮುಖ ಕೆಂಪಾಗುತ್ತದೆ. 'ಶರಣಾರ್ಥಿ ನಹೀ ಬೇಟಾ, ಪುರುಷಾರ್ಥಿ' ಅನ್ನುತ್ತಾರೆ. ಆ ಕಾಲದ ಸಿಂಧಿ, ಪಂಜಾಬಿ ಜನ ತಮಗೆ ತಾವೇ ಇಟ್ಟುಕೊಂಡ ಹೆಸರು ಅದು. ಕೈಚಾಚಿ ಬಂದವರಲ್ಲ, ದುಡಿದು ನಿಂತವರು ಅಂತ.

ಅವ್ವನ ಪ್ರಶ್ನೆ ಮನಸ್ಸಿನಲ್ಲಿ ಇದ್ದದ್ದಕ್ಕೋ ಏನೋ, ಒಂದು ದಿನ ಅವರನ್ನು ಕೇಳಿದೆ, ಕ್ಯಾಂಪಿನಲ್ಲಿ ನಿಮ್ಮ ತಾಯಿ ಏನು ಮಾಡುತ್ತಿದ್ದರು ಅಂತ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, 'ಅವಳು ಇರುತ್ತಲೇ ಇರಲಿಲ್ಲ' ಅಂದರು. ಬೆಳಿಗ್ಗೆ ನೀರಿನ ಲೈನು, ಆಮೇಲೆ ರೇಷನ್ ಲೈನು, ಸೀಮೆಎಣ್ಣೆ ಲೈನು. ಮಗನಿಗೆ ತಾಯಿಯ ಮುಖಕ್ಕಿಂತ ಹೆಚ್ಚು ನೆನಪಿರುವುದು ಅವಳ ಕೈಯಲ್ಲಿ ಜೋತಾಡುತ್ತಿದ್ದ ಬಕೆಟು.

ಹೊಳಿ ಬಂದಾಗ

2009ರ ದಸರೆಗೆ ಊರಿಗೆ ಹೋಗಿದ್ದೆ. ಮುಂಬಯಿಗೆ ಬಂದು ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಸೆಪ್ಟೆಂಬರ್ 28ಕ್ಕೆ ಬನ್ನಿ. ಮನೆ ಮನೆಗೆ ಹೋಗಿ ಬನ್ನಿ ಕೊಟ್ಟು 'ಬಂಗಾರದಂಗ ಇರೋಣು' ಅಂದು ಬಂದೆವು. ಮುಂದೆ ಎರಡು ದಿನಕ್ಕೆ ಮಳೆ ಹಿಡಿಯಿತು. ಆ ಮಳೆಯ ಬಗ್ಗೆ ನಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಅಕ್ಟೋಬರ್ 2ರ ಹೊತ್ತಿಗೆ ಮಂತ್ರಾಲಯವೇ ನೀರಿನಲ್ಲಿತ್ತು. ನಮ್ಮದು ಹೊಳೆದಂಡೆಯ ಸಣ್ಣ ಊರು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ನೀರು ಹೊಸ್ತಿಲು ದಾಟಿದ ಮೇಲೆ ಗೋಡೆಗಳು ಸದ್ದಿಲ್ಲದೆ ಕೂತವು. ಟ್ರ್ಯಾಕ್ಟರಿನಲ್ಲಿ ನಮ್ಮನ್ನು ದಿಬ್ಬದ ಮೇಲಿನ ಊರಿನ ಹೈಸ್ಕೂಲಿಗೆ ಸಾಗಿಸಿದರು. ಬಂಗಾರದಂಗ ಇರೋಣು ಅಂತ ಬನ್ನಿ ಕೊಟ್ಟ ಕೈಗಳೇ ವಾರದೊಳಗೆ ತಾಟು ಹಿಡಿದು ನಿಂತವು.

ಗಂಜಿ ಕೇಂದ್ರ ಅನ್ನುತ್ತಿದ್ದರು ಆಗ. ಈಗ ಸರಕಾರಿ ಕಾಗದದಲ್ಲಿ ಕಾಳಜಿ ಕೇಂದ್ರ ಅಂತಾಗಿದೆ, ಒಳ್ಳೆಯ ಹೆಸರು. ನಮ್ಮನ್ನು ಪೇಪರಿನವರು 'ಸಂತ್ರಸ್ತರು' ಅಂತ ಬರೆದರು. ಆ ಪದ ಅವ್ವನ ನಾಲಿಗೆಗೆ ಹೊರಳಲೇ ಇಲ್ಲ. ಅವಳು ಇವತ್ತಿಗೂ 'ಹೊಳಿ ಬಂದೋರು' ಅನ್ನುತ್ತಾಳೆ.

ಹನ್ನೊಂದು ದಿನ ಇದ್ದೆವು. ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗೆ ಸರಿಸಿದ್ದರು. ನಮ್ಮ ಕೋಣೆಯ ಕರಿಹಲಗೆಯ ಮೇಲೆ ದಸರೆ ರಜೆಗೆ ಮುಂಚೆ ಯಾರೋ ಬರೆದ ಬೀಜಗಣಿತದ ಲೆಕ್ಕ ಅರ್ಧಕ್ಕೆ ನಿಂತಿತ್ತು. ಯಾವ ಕೋಣೆಯಲ್ಲಿ ಯಾವ ಕೇರಿಯವರು ಮಲಗಬೇಕು ಅಂತ ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹೊಳೆ ಎಲ್ಲರ ಮನೆಯನ್ನೂ ಒಂದೇ ಸಮ ತೊಳೆದಿತ್ತು, ಆದರೆ ಆ ಗೆರೆಗಳನ್ನು ತೊಳೆದಿರಲಿಲ್ಲ. ಇದನ್ನು ಬರೆಯದೆ ಮುಂದೆ ಹೋದರೆ ಸುಳ್ಳು ಹೇಳಿದಂತೆ.

ಮೂರನೇ ದಿನ ನನಗೆ ಮುಟ್ಟು ಬಂತು. ಇದ್ದದ್ದು ಎರಡು ಶೌಚಾಲಯ, ನಾವು ನಾನೂರು ಜನ. ಹೆಂಗಸರೆಲ್ಲ ಕತ್ತಲಾಗುವುದನ್ನು ಕಾಯುತ್ತಿದ್ದೆವು, ಹಗಲಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದೆವು. ಶಿಬಿರಗಳಿಗೆ ಜಗತ್ತು ಒಪ್ಪಿಕೊಂಡ ಒಂದು ಲೆಕ್ಕ ಇದೆ, ಸ್ಫಿಯರ್ ಅಂತ. ಗೋಮಾದಲ್ಲಿ ಕಾಲರಾಕ್ಕೆ ಸಾವಿರ ಸಾವಿರ ಜನ ಸತ್ತ ಮೇಲೆ, 1997ರಿಂದ ನೆರವಿನ ಸಂಸ್ಥೆಗಳೆಲ್ಲ ಕೂಡಿ ಬರೆದದ್ದು. ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು, 20 ಜನಕ್ಕೊಂದು ಶೌಚಾಲಯ, ಮಲಗಲು ಒಬ್ಬರಿಗೆ 3.5 ಚದರ ಮೀಟರ್ ಜಾಗ. ಅದನ್ನು ಮೊದಲ ಸಲ ಓದಿದಾಗ ನಾನು ಸುಮ್ಮನೆ ಕೂತುಬಿಟ್ಟೆ. ನಮ್ಮ ಶಾಲೆ ನೆನಪಾದದ್ದು ಒಂದು ಕಡೆ. ಇನ್ನೊಂದು ಕಡೆ ಈ ಮುಂಬಯಿ. ಹತ್ತಡಿಗೆ ಹತ್ತಡಿ ಖೋಲಿಯಲ್ಲಿ ಐದು ಜನ ಇದ್ದರೆ ಒಬ್ಬರಿಗೆ 2 ಚದರ ಮೀಟರೂ ಬರುವುದಿಲ್ಲ. ನನ್ನ ಮೊದಲ ವರ್ಷ ನಾನು ಅಂಥ ಖೋಲಿಯಲ್ಲೇ ಇದ್ದೆ. ಯಾವ ಸಂಸ್ಥೆಯೂ ಅದನ್ನು ಶಿಬಿರ ಅನ್ನುವುದಿಲ್ಲ.

ಐದನೇ ದಿನ ದೂರದ ಪೇಟೆಯಿಂದ ಒಂದು ಟೆಂಪೊ ಬಂತು. ಮುಂದೆ ಬ್ಯಾನರ್. ಚಾದರ, ಬಟ್ಟೆ ತಂದಿದ್ದರು. ಒಳ್ಳೆಯ ಮನಸ್ಸಿನಿಂದಲೇ ತಂದಿದ್ದರು, ಅದರಲ್ಲಿ ನನಗೆ ಸಂಶಯ ಇಲ್ಲ. ಎಲ್ಲರೂ ಸಾಲು ನಿಂತರು. ನನ್ನ ತಮ್ಮನಿಗೆ ಆಗ ಹನ್ನೆರಡು, ಮೈ ಸುಡುವ ಜ್ವರ. ಅವನ ತಲೆ ತೊಡೆಯ ಮೇಲಿಟ್ಟುಕೊಂಡು ನಾನು ಕೋಣೆಯ ಬಾಗಿಲಲ್ಲಿ ಕೂತಿದ್ದೆ, ಅವ್ವ ಸಾಲಿನಲ್ಲಿ. ಪ್ರತಿ ಎರಡು ಹೆಜ್ಜೆಗೊಮ್ಮೆ ಅವಳು ಹಿಂದೆ ಹೊಳ್ಳಿ ನಮ್ಮ ಬಾಗಿಲ ಕಡೆ ನೋಡುತ್ತಿದ್ದಳು. ಹೋಗಿ ಬಂದು ನೋಡೋಣ ಅಂದರೆ ಪಾಳಿ ತಪ್ಪುತ್ತದೆ. ಹಾಗಾಗಿ ಕಾಲು ಮುಂದೆ, ಕತ್ತು ಹಿಂದೆ. ಅವಳ ಪಾಳಿ ಬಂದಾಗ ಕೊಡುವವರು ಚಾದರದ ಒಂದು ತುದಿ ಹಿಡಿದರು, ಅವ್ವ ಇನ್ನೊಂದು ತುದಿ. 'ಅಮ್ಮಾ, ಈ ಕಡೆ ನೋಡ್ರಿ' ಅಂದ ಫೋಟೊ ತೆಗೆಯುವವನು. ಅವ್ವ ನಮ್ಮ ಕಡೆ ನೋಡುತ್ತಿದ್ದಳು. 'ಈ ಕಡೆ, ಈ ಕಡೆ.' ಫೋಟೊ ಆಗುವವರೆಗೆ ಅವರು ಆ ತುದಿ ಬಿಡಲಿಲ್ಲ. ಕೊನೆಗೆ ಅವ್ವ ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡು ಕ್ಯಾಮೆರಾದ ಕಡೆ ತಿರುಗಿದಳು. ಆ ಫೋಟೊ ಎಲ್ಲಾದರೂ ಇದ್ದರೆ ಅದರಲ್ಲಿ ಒಂದು ಚಾದರ, ಒಂದು ಸೆರಗು ಕಂಡೀತು.

ಬಟ್ಟೆಯ ಗಂಟಿನಲ್ಲಿ ನನ್ನ ಪಾಲಿಗೆ ಒಂದು ಲಂಗ ಬಂತು. ಒಳ್ಳೆಯ ಬಟ್ಟೆ, ಹೆಚ್ಚು ಉಟ್ಟದ್ದಲ್ಲ. ಅದಕ್ಕೆ ಲಾಡಿ ಇರಲಿಲ್ಲ. ಆ ಶಾಲೆಯಲ್ಲಿ ಲಾಡಿ ಎಲ್ಲಿಂದ ತರುವುದು? ಅವ್ವ ಅದನ್ನು ಎರಡು ಸಲ ಹೊಳ್ಳಿಸಿ ನೋಡಿದಳು, ಹಲ್ಲಿನಿಂದ ಅಂಚು ಕಚ್ಚಿ ಉದ್ದುದ್ದ ಹರಿದು, ಮಡಚಿ ನನ್ನ ಕೈಗಿಟ್ಟಳು. ಆ ತಿಂಗಳು ನನ್ನ ಮಾನ ಕಾದದ್ದು ಆ ಲಾಡಿ ಇಲ್ಲದ ಲಂಗ. 2019ರ ಆಗಸ್ಟಿನಲ್ಲಿ ಕೃಷ್ಣೆ ತುಂಬಿ ಸಾಂಗ್ಲಿ, ಕೊಲ್ಲಾಪುರ, ನಮ್ಮ ಬೆಳಗಾವಿ, ಬಾಗಲಕೋಟೆ ಎಲ್ಲ ಮುಳುಗಿದಾಗ ನಮ್ಮ ಸೊಸೈಟಿಯಲ್ಲಿ ಹಳೆ ಬಟ್ಟೆ ಕೂಡಿಸಿದರು. ಅವ್ವ ಆಗಲೂ ಇಲ್ಲೇ ಇದ್ದಳು. ಕೆಳಗಿನ ಅಂಗಡಿಯಿಂದ ಎರಡು ಡಜನ್ ಲಾಡಿ ತರಿಸಿ, ಪಿನ್ನಿಗೆ ಸಿಕ್ಕಿಸಿ, ಒಂದೊಂದೇ ಲಂಗಕ್ಕೆ ಪೋಣಿಸುತ್ತ ರಾತ್ರಿ ಹನ್ನೊಂದರವರೆಗೆ ಕೂತಳು. ಹುಕ್ಕಿಲ್ಲದ ಕುಬಸ ಒಂದನ್ನೂ ಗಂಟಿಗೆ ಹಾಕಗೊಡಲಿಲ್ಲ.

ತಾಟು ಅಷ್ಟ ನೋಡತಿದ್ದೆ

ಜಗತ್ತಿನ ಶಿಬಿರಗಳಲ್ಲಿ ದುಡಿಯುವವರಲ್ಲಿ ಬಹುತೇಕರು ಹೊರಗಿನಿಂದ ಬಂದವರಲ್ಲ, ಆಯಾ ನೆಲದವರೇ. ಸಾಯುವವರಲ್ಲೂ ಅವರೇ ಹೆಚ್ಚು. ಈ ಮಾತು ಓದಿದಾಗಲೆಲ್ಲ ನನಗೆ ನೆನಪಾಗುವುದು ಆ ಹೈಸ್ಕೂಲಿನ ಬಿಸಿಯೂಟದ ಅಕ್ಕ. ಅವಳೂ ನಮ್ಮೂರಿನವಳೇ. ಅವಳ ಮನೆಯೂ ಬಿದ್ದಿತ್ತು. ಆದರೆ ಶಾಲೆಯ ದೊಡ್ಡ ಬೋಗುಣಿ, ಒಲೆ, ಕೀಲಿ ಅವಳ ಕೈಯಲ್ಲಿದ್ದವು. ಬಂದ ದಿನವೇ ಒದ್ದೆ ಸೀರೆಯಲ್ಲೇ ಒಲೆ ಹೊತ್ತಿಸಿದಳು. ಹನ್ನೊಂದು ದಿನ ಆ ಒಲೆಯ ಮುಂದಿಂದ ಏಳಲಿಲ್ಲ. ಒಂದು ರಾತ್ರಿ ಯಾವುದೋ ಊರಿನವರು ಹಳೆ ಧೋತರದಲ್ಲಿ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಂದು ಪಡಸಾಲೆಗಿಟ್ಟು ಹೋಗಿದ್ದರು. ಅದನ್ನೂ ಅವಳೇ ಎಣಿಸಿ ಹಂಚಿದಳು.

ಎರಡನೇ ರಾತ್ರಿ ಅಕ್ಕಿ ಕಡಿಮೆ ಬಿತ್ತು. ಬರುತ್ತದೆ ಅಂದ ಲಾರಿ ಹಳ್ಳ ತುಂಬಿ ಆಚೆಗೇ ನಿಂತಿತ್ತು. ಅಕ್ಕ ಸೌಟನ್ನು ಮುಕ್ಕಾಲು ತುಂಬಿಸತೊಡಗಿದಳು. ಗಂಡಸರು ಕೆಲವರು ಕೂಗಾಡಿದರು. ಬಾಣಂತಿಯೊಬ್ಬಳು ಏನೂ ಅನ್ನದೆ ತಾಟು ಹಿಡಿದುಕೊಂಡೇ ನಿಂತಳು. ಅಕ್ಕ ತಲೆ ಎತ್ತಲಿಲ್ಲ. ಆಮೇಲೆ ಅವಳ ಸ್ವಂತ ಮಗ ಬಂದ, ಅವನಿಗೂ ಅದೇ ಮುಕ್ಕಾಲು ಸೌಟು. ಇದಾಗಿ ಎಷ್ಟೋ ವರ್ಷದ ಮೇಲೆ ಜಾತ್ರೆಯಲ್ಲಿ ಸಿಕ್ಕಾಗ ಆ ರಾತ್ರಿಯ ಮಾತು ತೆಗೆದೆ. 'ಯಾರ ಮಾರಿನೂ ನೋಡಲಿಲ್ಲಬೇ ನಾನು' ಅಂದಳು. 'ತಾಟು ಅಷ್ಟ ನೋಡತಿದ್ದೆ. ಮಾರಿ ನೋಡಿದ್ರ ಸೌಟು ವಾಲತಿತ್ತು.'

ಇಥಿಯೋಪಿಯಾದ ಮೆಕೆಲೆಯಲ್ಲಿ 1984ರಲ್ಲಿ ರೆಡ್ ಕ್ರಾಸ್‌ನ ನರ್ಸ್ ಆಗಿದ್ದ ಕ್ಲೇರ್ ಬರ್ಟ್‌ಶಿಂಗರ್ ಇಂಥದೇ, ಇದಕ್ಕಿಂತ ನೂರು ಪಟ್ಟು ಕಠಿಣ ಕೆಲಸ ಮಾಡಿದವರು. ಎದುರಿಗೆ ಸಾವಿರಕ್ಕೂ ಮೇಲೆ ಹಸಿದ ಮಕ್ಕಳ ಸಾಲು, ಕೇಂದ್ರದಲ್ಲಿ ಜಾಗ ಇದ್ದದ್ದು ನೂರಕ್ಕೂ ಕಡಿಮೆ ಮಕ್ಕಳಿಗೆ. ಸಾಲಿನ ಉದ್ದಕ್ಕೂ ನಡೆದು ಯಾರನ್ನು ಒಳಗೆ ಕರೆಯಬೇಕು ಅಂತ ಅವರೇ ಆರಿಸಬೇಕಿತ್ತು. ತೀರ ಕೊನೆಯ ಉಸಿರಿನ ಮಗುವನ್ನು ಆರಿಸುವ ಹಾಗಿಲ್ಲ, ಬದುಕುವ ಆಸೆ ಇರುವುದನ್ನು ಆರಿಸಬೇಕು. ಆ ಮುಖಗಳು ಅವರನ್ನು ವರ್ಷಗಟ್ಟಲೆ ಕಾಡಿದವು. ಈ ಸಿನೆಮಾ ಇಂಥ ಒಬ್ಬಳ ಕೈಯ ಮೇಲೆ ಹತ್ತು ನಿಮಿಷ ನಿಂತಿದ್ದರೆ ಸಾಕಿತ್ತು ಅನಿಸುತ್ತದೆ ನನಗೆ. ಪ್ರೇಮಕಥೆ ಇರಲಿ, ಬೇಡ ಅನ್ನುವುದಿಲ್ಲ. ಶಿಬಿರದಲ್ಲಿ ದುಡಿಯುವವರೂ ಪ್ರೀತಿಸುತ್ತಾರೆ. ಆದರೆ ಹಿಂದೆ ನಿಂತ ಸಾಲು ಅವರ ಪ್ರೀತಿಗೆ ಪರದೆಯಾದಾಗ ನನಗೆ ನೋಡಲು ಆಗಲಿಲ್ಲ.

ಇನ್ನೊಂದು ದೃಶ್ಯ ಇದೆ ಅದರಲ್ಲಿ. ಇಥಿಯೋಪಿಯಾದ ಬಯಲಿನಲ್ಲಿ ಬಿಳಿ ಬಟ್ಟೆ ತೊಟ್ಟ ಜೋಲಿ ಲಾರಿ ನಿಲ್ಲಿಸುತ್ತಾಳೆ. ನೆಲದ ಮೇಲೆ ಒಣಗಿದ ಮಗು, ಹತ್ತಿರದಲ್ಲಿ ಕಾದು ಕೂತ ರಣಹದ್ದು. ನೋಡಿದ ಕೂಡಲೇ ಆ ಫೋಟೊ ನೆನಪಾಗುತ್ತದೆ, 1993ರಲ್ಲಿ ಸುಡಾನಿನಲ್ಲಿ ಕೆವಿನ್ ಕಾರ್ಟರ್ ತೆಗೆದದ್ದು. ಮರುವರ್ಷ ಅದಕ್ಕೆ ಪುಲಿಟ್ಜರ್ ಬಂತು, ಅದೇ ವರ್ಷ ಕಾರ್ಟರ್ ಪ್ರಾಣ ಕಳೆದುಕೊಂಡ. ಮಗು ಹೆಣ್ಣು ಅಂದುಕೊಂಡಿದ್ದರು, ಸತ್ತಿತು ಅಂದುಕೊಂಡಿದ್ದರು. 2011ರಲ್ಲಿ ಒಂದು ಸ್ಪ್ಯಾನಿಷ್ ಪತ್ರಿಕೆಯವರು ಆ ಊರಿಗೆ ಹುಡುಕಿಕೊಂಡು ಹೋದರು. ಅವನು ಗಂಡುಹುಡುಗ, ಆ ಬರದಲ್ಲಿ ಸಾಯಲಿಲ್ಲ, ಮುಂದೆ ಬೆಳೆದು ಜ್ವರದಿಂದ ತೀರಿಕೊಂಡ ಅಂತ ಅವನ ತಂದೆ ಹೇಳಿದ. ಫೋಟೊವನ್ನು ಹತ್ತಿರದಿಂದ ನೋಡಿದರೆ ಮಗುವಿನ ಬಲಗೈ ಮಣಿಕಟ್ಟಿನಲ್ಲಿ ಬಿಳಿಯ ಪ್ಲಾಸ್ಟಿಕ್ ಪಟ್ಟಿ ಕಾಣುತ್ತದೆ. ಊಟದ ಕೇಂದ್ರದವರು ಹೆಸರು ಬರೆದುಕೊಂಡ ಮಕ್ಕಳಿಗೆ ಕಟ್ಟುವ ಪಟ್ಟಿ ಅದು. ಆ ಮಗು ಯಾರೂ ಇಲ್ಲದ ಮಗುವಾಗಿರಲಿಲ್ಲ. ಕಾರ್ಟರ್ ಜೊತೆ ಅಲ್ಲಿಗೆ ಹೋಗಿದ್ದ ಇನ್ನೊಬ್ಬ ಫೋಟೊಗ್ರಾಫರ್ ಜುವಾಂವ್ ಸಿಲ್ವಾ ಹೇಳಿದ್ದು ಇಷ್ಟು: ವಿಶ್ವಸಂಸ್ಥೆಯ ವಿಮಾನ ಆಗಷ್ಟೇ ಇಳಿದು ಕಾಳು ಹಂಚುತ್ತಿತ್ತು, ತಂದೆತಾಯಿಗಳು ಮಕ್ಕಳನ್ನು ಒಂದು ಕ್ಷಣ ಅಲ್ಲಲ್ಲೇ ಇಳಿಸಿ ಕಾಳು ತರಲು ಓಡಿದ್ದರು.

ಕಳೆದ ವಾರ ಆ ಸಿನೆಮಾವನ್ನು ಮತ್ತೊಮ್ಮೆ ಹಚ್ಚಿದೆ, ಲ್ಯಾಪ್‌ಟಾಪಿನಲ್ಲಿ, ಒಬ್ಬಳೇ. ಕಥೆ ನೋಡಲು ಅಲ್ಲ. ಇಥಿಯೋಪಿಯಾದ ಶಿಬಿರದ ಭಾಗಕ್ಕೆ ಹೋಗಿ, ಜೋಲಿಯ ಹಿಂದೆ, ಡಾಕ್ಟರನ ಹಿಂದೆ ಧೂಳಿನಲ್ಲಿ ನಿಂತವರನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದೆ. ಮುಖಗಳು ಮಸುಕು. ಒಂದು ಕಡೆ ನಿಲ್ಲಿಸಿ ನೀರು ಕುಡಿಯಲು ಎದ್ದೆ. ಬರುವಷ್ಟರಲ್ಲಿ ಅವ್ವ ಚಷ್ಮ ಹಾಕಿಕೊಂಡು ಪರದೆಯ ಮುಂದೆ ಬಗ್ಗಿ ನಿಂತಿದ್ದಳು.

'ಅದೇ ಸಿನೆಮಾ ಅಲ್ಲೇನಬೇ ಇದು?'

'ಹೂಂ ಅವ್ವಾ.'

ಅವಳು ಬೆರಳು ಪರದೆಗೆ ತಾಗುವಷ್ಟು ಹತ್ತಿರ ತಂದು, ಸಾಲಿನ ನಡುವೆ, ಎಲ್ಲರೂ ಮುಂದೆ ನೋಡುತ್ತಿರುವಾಗ ಕತ್ತು ತಿರುವಿ ನಿಂತ ಒಬ್ಬ ಹೆಂಗಸನ್ನು ತೋರಿಸಿದಳು.

'ಈಕಿ ಇರಬೇಕು ನೋಡು ಆ ಹುಡುಗನ ಅವ್ವ' ಅಂದಳು. 'ಹಿಂದಕ್ಕ ಹೊಳ್ಳಿ ನೋಡಕತ್ಯಾಳ.'